ಹೂವಿನ ಬಾಯಿಗೆ ಸಿಗಡಿ

ಮೈದುನ ಗಿರಿಮಲ್ಲನಿಗೆ ನಿನ್ನ ವೈನಿ ಬರೆಯುವುದು. ಆಶೀರ್ವಾದ ಎಂದು ಶುರು ಮಾಡುವಷ್ಟು ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ. ಅದಕ್ಕೇ ಈಗ ಕೂತಿದ್ದೇನೆ.

ಆ ಹೂವನ್ನು ನೀನು ಮನೆಗೆ ತಂದ ದಿನ ನೆನಪಿದೆಯೇ? ಜಮಖಂಡಿಯ ಬಸ್ಸಿಳಿದು, ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಬಂದೆ. ಪಡಸಾಲೆಯ ಗಾಜಿನ ಟ್ಯಾಂಕಿನಲ್ಲಿ ನಿನ್ನ ಎರಡು ಕ್ಲೌನ್ ಮೀನು ಆಗಲೇ ಇದ್ದವು, ಕಿತ್ತಳೆ ಮೈಗೆ ಬಿಳಿ ಪಟ್ಟಿಯವು. ಕರೆಂಟು ಹೋದರೆ ನಮ್ಮ ಫ್ಯಾನು ನಿಲ್ಲುತ್ತಿತ್ತು, ಬ್ಯಾಟರಿಗೆ ಹಾಕಿದ್ದ ಅವುಗಳ ಪಂಪು ನಿಲ್ಲುತ್ತಿರಲಿಲ್ಲ. ಅದನ್ನೂ ಸಹಿಸಿದ್ದೆ.

"ಮತ್ತೇನ ತಂದ್ಯೋ?" ಎಂದು ಕೇಳಿದೆ.

"ಸಮುದ್ರದ ಹೂವ ರೀ ವೈನಿ. ಎನಿಮೋನಿ ಅಂತಾರ. ನಮ್ಮ ಮೀನಿಗೆ ಮನಿ," ಎಂದೆ ನೀನು.

ಸಮುದ್ರದಲ್ಲಿ ಈ ಮೀನುಗಳು ಇಂಥ ಹೂವಿನ ಎಸಳುಗಳ ನಡುವೆಯೇ ಬಾಳುತ್ತವೆ, ಬೇರೆ ಮೀನುಗಳನ್ನು ಕುಟುಕುವ ಎಸಳು ಇವುಗಳಿಗೆ ಏನೂ ಮಾಡುವುದಿಲ್ಲ ಎಂದು ಕಣ್ಣರಳಿಸಿ ಹೇಳಿದೆ. ಎಲ್ಲವನ್ನೂ ಹೇಳಿದೆ. ಅದು ಏನು ತಿನ್ನುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಹೂವು ಅಂದಮೇಲೆ ನೀರು, ಬೆಳಕು ಸಾಕು ಎಂದುಕೊಂಡೆ ನಾನು. ಅಂದುಕೊಳ್ಳಲಿ ಎಂದೇ ನೀನು ಬಿಟ್ಟೆ, ಅಲ್ಲವೇ?

ಆಮೇಲೆ ಶುರುವಾಯಿತು ನಿನ್ನ ಕಸರತ್ತು. ಮೀನುಗಳಿಗೆ ಹೂವು ಬೇಕಿರಲಿಲ್ಲ. ನೀನೇ ಮೊದಲು ಟ್ಯಾಂಕಿನಲ್ಲಿ ಇಟ್ಟಿದ್ದ ಮಣ್ಣಿನ ಕುಡಿಕೆಯಲ್ಲಿ ಅವು ಸುಖವಾಗಿದ್ದವು. ಹೂವು ಅಂಟಿಕೊಂಡ ಕಲ್ಲನ್ನು ಕುಡಿಕೆಯ ಪಕ್ಕಕ್ಕೆ ಸರಿಸಿದೆ. ಮೀನಿಗೆ ಹಾಕುವ ಕಾಳನ್ನು ಹೂವಿನ ಹತ್ತಿರವೇ ಉದುರಿಸಿದೆ. ಹೂವಿನೊಳಗೆ ಮೀನು ಮಲಗಿದ ಫೋಟೋ ತಂದು, ನೋಡಿ ಕಲಿಯಲಿ ಎಂದು ಗಾಜಿಗೆ ಅಂಟಿಸಿದೆ. ನಿನ್ನಣ್ಣ ಚಹಾ ಕುಡಿಯುತ್ತ, "ಲೇ ಗಿರಿಮಲ್ಲ, ನಿನಗ ಕನ್ಯಾದ ಫೋಟೋ ಎಷ್ಟ ತೋರಿಸಿದೆವು, ನೀ ಒಪ್ಪಿದೇನ? ಮೀನ ಹೆಂಗ ಒಪ್ತಾವ?" ಎಂದು ನಗಾಡಿದ್ದರು. ನೀನೂ ನಕ್ಕೆ. ನಾನು ನಗಲಿಲ್ಲ. ಹೂವು ದಿನದಿಂದ ದಿನಕ್ಕೆ ಬಾಡುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ನೀನು ಪನ್ನೀರನ್ನು ಸಣ್ಣಗೆ ಹೆಚ್ಚುತ್ತಿದ್ದೆ. ಯಾರಿಗೆ ಎಂದರೆ, "ನನಗ ರೀ ವೈನಿ, ಬಾಯಿ ಕೆಟ್ಟೈತಿ," ಎಂದೆ. ಅದು ಹೂವಿಗೆ ಎಂದು ನನಗೆ ಆಗ ಗೊತ್ತಾಗಲಿಲ್ಲ. ಮಾಂಸ ತಿನ್ನುವ ಜೀವಕ್ಕೆ ಪನ್ನೀರು. ನೆನೆಸಿದ ಕಡಲೆಬೇಳೆಯನ್ನೂ ಅರೆದು ಹಾಕಿದ್ದೆಯಂತೆ. ಯಾರ ಮನೆಯಲ್ಲಾದರೂ ಹೀಗಾಗುವುದುಂಟೇ? ಅದನ್ನು ಅದು ತಿನ್ನಲಿಲ್ಲ, ನೀರು ಕೆಟ್ಟು ಹಾಲಿನಂತೆ ಮಸುಕಾಯಿತು. ಕೆಟ್ಟ ನೀರು ತೆಗೆ, ಉಪ್ಪು ಕಲಸಿ ಹೊಸ ನೀರು ಹೊತ್ತು ತಾ, ಮತ್ತೆ ಕೆಡಿಸು, ಮತ್ತೆ ಹೊರು. ಬಕೆಟ್ಟು ಇಳಿಸಿ ನೀನು ಗೋಡೆಗೆ ಕೈಯೂರಿ ನಿಲ್ಲುತ್ತಿದ್ದೆ. "ಪಿತ್ತ ರೀ," ಎನ್ನುತ್ತಿದ್ದೆ. ಜೀರಿಗೆ ಕಷಾಯ ಮಾಡಿ ಕೊಡುತ್ತಿದ್ದೆನಲ್ಲ, ಅದನ್ನು ನನ್ನ ಮುಖ ನೋಡಿಕೊಂಡೇ ಕುಡಿಯುತ್ತಿದ್ದೆಯಲ್ಲ. ಆ ಹೊತ್ತಿನಲ್ಲಾದರೂ...

ಒಂದು ದಿನ ನಮ್ಮ ಮಗ್ಗದ ಶೆಡ್ಡಿನಲ್ಲಿ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಯನ್ನು ಒಂದೊಂದಾಗಿ ಹೊಸೆದು ಕೆಚ್ಚುತ್ತ ಕೂತವನು ಕೂತಲ್ಲೇ ಒರಗಿದೆ, ಮತ್ತೆ ಏಳಲಿಲ್ಲ. ಉಳಿದ ಮಗ್ಗಗಳೆಲ್ಲ ಓಡುತ್ತಿದ್ದವು, ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಜಮಖಂಡಿಯ ಡಾಕ್ಟರು ನಿನ್ನನ್ನು ನೋಡಿ ನಮ್ಮ ಮೇಲೆಯೇ ರೇಗಿದರು: "ಎದಿ ಚಲೋ ಇಲ್ಲ, ಬೆಳಗಾವಿಗೆ ಹೋಗಿ ತೋರಿಸ್ರಿ ಅಂತ ಇವರಿಗೆ ಯಾವಾಗೋ ಬರದ ಕೊಟ್ಟಿದ್ನಿ. ಮನ್ಯಾಗಿನವರು ಏನ ಮಾಡಾಕತ್ತಿದ್ರಿ?" ಗಿರಿಮಲ್ಲ, ಆ ಮಾತಿಗೆ ನಾನು ಏನು ಉತ್ತರ ಕೊಡಬೇಕಿತ್ತು? ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಿನಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ನಿನ್ನ ಜ್ವರ, ನಿನ್ನ ಹಲ್ಲುನೋವು, ನಿನ್ನ ಶಾಲೆಯ ಜಗಳ ಎಲ್ಲ ನನಗೆ ಗೊತ್ತಿರುತ್ತಿತ್ತು. ಮಂದಿಯ ಎದುರು ಏನೂ ಗೊತ್ತಿಲ್ಲದವಳಾಗಿ ನಿಂತೆ.

ಟ್ಯಾಂಕು ವಾಪಸು ಕೊಡೋಣ ಎಂದು ನಿನ್ನಣ್ಣ ಅಂದರು. ಸರಿ ಎಂದು ನಾನೇ ಜಮಖಂಡಿಯ ಆ ಮೀನಿನ ಅಂಗಡಿಗೆ ಹೋದೆ. ಹೂವು ಹಿಂಡಿದ ಬಟ್ಟೆಯ ಹಾಗೆ ಮುದುಡಿದೆ ಎಂದು ಅಂಗಡಿಯವನಿಗೆ ತಿಳಿಸಿದೆ.

"ಅದಕ್ಕ ಹೊಟ್ಟಿಗಿಲ್ಲ ಅಕ್ಕಾರ. ಸಿಗಡಿ ಹಾಕಬೇಕು," ಎಂದ. "ಗಿರಿಮಲ್ಲಣ್ಣಗ ಮೊದಲ ದಿನಾನ ಹೇಳಿದ್ನಿ. 'ವೈನಿಗೆ ತಿಳದ್ರ ಹೂವಿನ ಜೋಡಿ ನನ್ನೂ ಹೊರಗ ಹಾಕ್ತಾರ' ಅಂದ. ಅದು ಸತ್ತ ಕೊಳೀತಂದ್ರ ಮೀನೂ ಉಳಿಯಂಗಿಲ್ಲ ನೋಡ್ರಿ."

"ನಮ್ಮದು ಲಿಂಗಪೂಜಿ ಮನಿ. ಮೀನಿಗೆ ನಾವು ಕಾಳ ಹಾಕ್ತೇವಿ, ಅದನ್ನ ಹಾಕಿದ್ರಾತು."

"ಆ ಕಾಳ ಏನಂತ ತಿಳದೀರಿ? ಒಣಮೀನಿನ ಪುಡಿ ರೀ ಅದು."

ನೀನು ಏಳುವುದು ತಡವಾದ ದಿನ ಪೂಜೆ ಮುಗಿಸಿದ ಕೈಯಲ್ಲೇ ಆ ಕಾಳು ಹಾಕಿದವಳು ನಾನು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಿನಗೆ ಒಳಗೊಳಗೇ ನಗು ಬಂದಿರಬೇಕು. ನಿನ್ನ ಎದೆನೋವಿನ ಸಂಗತಿಯೂ ಆ ಅಂಗಡಿಯವನಿಗೆ ಗೊತ್ತಿತ್ತು. ನನಗೆ ಹೇಳಿದರೆ ಟ್ಯಾಂಕು ಅಂಗಳಕ್ಕೆ, ನೀನು ಹಾಸಿಗೆಗೆ ಎಂದು ನೀನು ಅವನ ಬಳಿ ಅಂದಿದ್ದೆಯಂತೆ. ಹೌದು, ಹಾಗೇ ಮಾಡುತ್ತಿದ್ದೆ. ಸಿಗಡಿ ಕೇಳಿದ್ದರೂ ಇಲ್ಲ ಅನ್ನುತ್ತಿದ್ದೆ. ಇಲ್ಲ ಅಂದಮೇಲೆ ಇನ್ನೊಮ್ಮೆ ಕೇಳಬೇಕು. ಜಗಳ ಆಡಬೇಕು. ಒಂದು ಹೊತ್ತು ಊಟ ಬಿಡಬೇಕು. ಮನೆಯ ಮಗ ಎಂದರೆ ಮತ್ತೇನು? ನೀನು ನನ್ನನ್ನು ಕೇಳದೆಯೇ ನನ್ನ ಉತ್ತರವನ್ನು ನೀನೇ ಕೊಟ್ಟುಕೊಂಡು ಸುಮ್ಮನಾದೆ. ಆ ಹಕ್ಕು ನಿನಗೆ ಯಾರು ಕೊಟ್ಟರು?

ಸಿಗಡಿ ತಂದೆ. ಅದೇ ಬಸ್ಸಿನಲ್ಲಿ, ನನ್ನದೇ ಚೀಲದಲ್ಲಿ. ಕೆಟ್ಟಿದೆ ಎಂದು ಶೆಡ್ಡಿಗೆ ಹಾಕಿದ್ದ ಹಳೆಯ ಫ್ರಿಜ್ಜನ್ನು ರಿಪೇರಿ ಮಾಡಿಸಿ ಅದರಲ್ಲಿಟ್ಟೆ. ಓಣಿಗೆ ಸುದ್ದಿಯಾಯಿತು. ಎದುರುಮನೆಯವಳು ನೀರಿಗೆ ನಿಂತಾಗ, "ಏನ್ರಿ, ನಿಮ್ಮನ್ಯಾಗ ಸಿಗಡಿ ಬಂದೈತಂತ?" ಎಂದಳು. "ಬಂದೈತಿ. ಹೂವ ಉಣ್ತೈತಿ. ನಿನಗೂ ಒಂದೀಟ ಕಳಸಲೇನ?" ಎಂದೆ. ಕೊಡ ಎತ್ತಿಕೊಂಡು ಹೋದಳು.

ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಉದ್ದನೆಯ ಇಕ್ಕಳದಲ್ಲಿ ಒಂದು ಚೂರು ಹಿಡಿದು ಎಸಳಿಗೆ ಮುಟ್ಟಿಸಿದೆ. ಮೊದಲು ಉಗುಳಿತು. ಮರುದಿನ ಇನ್ನೂ ಸಣ್ಣ ಚೂರು ಕೊಟ್ಟೆ. ಎಸಳುಗಳು ಒಂದೊಂದಾಗಿ ಮಡಚಿಕೊಂಡು ಅದನ್ನು ನಡುವಿನ ಬಾಯಿಗೆ ಒಯ್ದವು. ಉಣಿಸಿದ ಮೇಲೆ ನಾನು ಪ್ರತಿ ಸಲವೂ ತಲೆಗೆ ಸ್ನಾನ ಮಾಡಿದೆ, ಅದು ನನ್ನ ನೇಮ. ಹೂವು ಮೆಲ್ಲಗೆ ಚೇತರಿಸಿಕೊಂಡು ಎಸಳಿನ ತುದಿಗಳು ಗುಳ್ಳೆಯ ಹಾಗೆ ಉಬ್ಬಿದವು. ಮೀನುಗಳು ಮಾತ್ರ ಕುಡಿಕೆ ಬಿಡಲಿಲ್ಲ. ದೊಡ್ಡದು ಹತ್ತಿರ ಬರುತ್ತಿತ್ತು, ಎಸಳು ತಾಗಿದೊಡನೆ ಹಿಂದಕ್ಕೆ ಓಡುತ್ತಿತ್ತು.

"ಏನೈತಿ ನಿನಗ? ನಾ ಇಷ್ಟೆಲ್ಲಾ ಮಾಡಾಕತ್ತೇನಿ, ಬಾಯಿ ಬಿಟ್ಟರ ಹೇಳ," ಎಂದು ಒಂದು ದಿನ ಆ ಮೀನನ್ನೇ ಬೈದೆ.

ಟ್ಯಾಂಕಿನ ಮುಚ್ಚಳ ಹಿಡಿದು ನಿಂತಿದ್ದ ನಿನ್ನಣ್ಣ ಅದನ್ನು ಕೆಳಗಿಟ್ಟರು. "ಕೇಳಿಲ್ಲಿ," ಎಂದರು. "ಸಿಟ್ಟಾಗಬ್ಯಾಡ. ನನಗೂ ಎದಿ ಹಿಡದಂಗ ಆಗಾಕತ್ತೈತಿ. ಭಾಳ ದಿನಾ ಆತು."

ಸಿಟ್ಟಾಗದೆ ಇರುವುದುಂಟೇ? ಓಣಿಗೆಲ್ಲ ಕೇಳುವ ಹಾಗೆ ಬೈದೆ. ಬೈಯುತ್ತಲೇ ಅವರಿಗೆ ಅಂಗಿ ತೊಡಿಸಿದೆ, ಬೈಯುತ್ತಲೇ ಗಾಡಿ ಕರೆಸಿದೆ. ಲೋಕಾಪುರ ದಾಟುವವರೆಗೂ ನಾನು ಬಾಯಿ ಮುಚ್ಚಿರಲಿಲ್ಲ ಎಂದು ಡ್ರೈವರು ಈಗಲೂ ಹೇಳಿಕೊಂಡು ತಿರುಗುತ್ತಾನೆ. ಬೆಳಗಾವಿಯಲ್ಲಿ ರಕ್ತನಾಳಕ್ಕೆ ಸ್ಟೆಂಟು ಹಾಕಿದರು. ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತಂತೆ. ಹೊರಗಿನ ಬೆಂಚಿನ ಮೇಲೆ ಕೂತು ನಿನ್ನನ್ನೇ ನೆನೆದೆ. ಪ್ರೀತಿಯಿಂದ ಎಂದು ತಿಳಿಯಬೇಡ.

ನಿನಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ಬೆಳಗಾವಿಯಿಂದ ಬಂದ ದಿನ ಸೊಸೆ ಸವಿತಾ ಹೊಸ್ತಿಲಲ್ಲೇ, "ಅತ್ತಿ, ನೀವು ಹೋದ ಮರುದಿನಾನ ದೊಡ್ಡ ಮೀನ ಹೂವಿನ್ಯಾಗ ಹೊಕ್ಕೈತ್ರಿ. ಹೊರಗ ಬರವಲ್ದು," ಎಂದಳು. ಯಾರೂ ಕಲ್ಲು ಸರಿಸಿರಲಿಲ್ಲ, ಯಾರೂ ಆಸೆ ತೋರಿಸಿರಲಿಲ್ಲ. ಚೀಲ ಕೈಯಲ್ಲಿ ಹಿಡಿದೇ ಟ್ಯಾಂಕಿನ ಮುಂದೆ ನಿಂತೆ. ಎಸಳುಗಳ ನಡುವೆ ಒರಗಿಕೊಂಡು, ಮೈ ಉಜ್ಜಿಕೊಂಡು, ತಾನು ಹುಟ್ಟಿದ್ದೇ ಅಲ್ಲಿ ಎಂಬ ಹಾಗಿತ್ತು. ಚಿಕ್ಕದು ಇನ್ನೂ ಅನುಮಾನ ಮಾಡುತ್ತಿದೆ. ಮಾಡಲಿ. ನಿನ್ನಣ್ಣ ದಿನವೂ ಅದರ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಮಾತ್ರೆ ತಪ್ಪಿಸದೆ ನುಂಗುತ್ತಾರೆ. ಟ್ಯಾಂಕು ಇಲ್ಲೇ ಇರುತ್ತದೆ. ನಾನಿರುವವರೆಗೆ ಅದರ ನೀರು ಕೆಡುವುದಿಲ್ಲ, ಹೂವಿನ ಹೊಟ್ಟೆ ಬಾಡುವುದಿಲ್ಲ.

ಆದರೆ ಸೋಮವಾರ ಸಿಗಡಿ ಇಲ್ಲ. ಸೋಮವಾರ ಈ ಮನೆಯಲ್ಲಿ ನನ್ನ ಜೊತೆ ಅದಕ್ಕೂ ಉಪವಾಸ. ನಿನಗೆ ಅದು ತಪ್ಪೆನಿಸಿದರೆ, ಬಂದು ನನ್ನ ಎದುರು ನಿಂತು ಹೇಳು.