ಮಡಚಿದ ಬೆರಳು

ತಿಯಾನಾಳ ಅಪ್ಪನಿಗೆ,

ನಮ್ಮ ನೋಸಿ ಬೊರಾಹಾ ದ್ವೀಪಕ್ಕೆ ತಿಮಿಂಗಿಲಗಳು ಮರಿ ಹಾಕಲು ಮತ್ತೆ ಬಂದಿವೆ. ಬೆಳಗಿನ ಮಂಜಿನಲ್ಲಿ ಕಡಲು ಯಾವುದು, ಆಕಾಶ ಯಾವುದು ತಿಳಿಯುವುದಿಲ್ಲ. ಅವುಗಳ ಉಸಿರು ಮಾತ್ರ ಕೇಳಿಸುತ್ತದೆ, ಪಕ್ಕದಲ್ಲೇ ಯಾರೋ ಮಲಗಿರುವಂತೆ.

ನೀವು ಹಡಗಿನ ಕೆಲಸಕ್ಕೆ ಹೋದಾಗ ಹೊಟ್ಟೆಯಲ್ಲಿದ್ದ ತಿಯಾನಾ ಈಗ ದಡದುದ್ದಕ್ಕೂ ಓಡುತ್ತಾಳೆ. ನಿನ್ನೆ ತಾಯಿ ತಿಮಿಂಗಿಲ ಮರಿಯೊಂದಿಗೆ ಮೇಲೆದ್ದಾಗ ಬೆರಳು ಚಾಚಿ ತೋರಿಸಿದಳು. ನಿಮ್ಮಮ್ಮ ಗದರಿದರು. "ಬೆರಳು ಮಡಚಿ ಗೆಣ್ಣಲ್ಲಿ ತೋರಿಸೇ. ತಿಮಿಂಗಿಲಕ್ಕೂ ಗೋರೀಲಿರೋ ಹಿರಿಯರಿಗೂ ಬೆರಳು ಚಾಚ್ತಾರೇನೇ? ಮರ್ಯಾದೆ ಗೊತ್ತಿಲ್ವಾ ನಿಂಗೆ?" ಮಗು ಒಂದೇ ಸಲಕ್ಕೆ ಕಲಿತುಕೊಂಡಿತು.

ಸಂಜೆ ಪಕ್ಕದ ಮನೆಯವಳು ಬಂದು, "ನಿಮ್ಮಪ್ಪ ಎಲ್ಲಿದಾನೆ ಪುಟ್ಟೀ?" ಎಂದು ಕೇಳಿದಳು. ತಿಯಾನಾ ಗೋಡೆಯ ಮೇಲಿನ ನಿಮ್ಮ ಫೋಟೊ ತೋರಿಸಿದಳು, ಬೆರಳು ಮಡಚಿ. ಅನ್ನ ಬಡಿಸುತ್ತಿದ್ದ ನಿಮ್ಮಮ್ಮನ ಕೈ ನಿಂತಿತು. ಗೋರಿಯಲ್ಲಿರುವವರನ್ನು ತೋರಿಸಿದ ಹಾಗಿತ್ತು ಅದು.

ದೋಣಿಗೆ ಹೊಸ ಹಗ್ಗ ಬೇಕಾಗಿದೆ. ಯಾರ ಕೈಯಲ್ಲೂ ಕಳಿಸಬೇಡಿ, ತಿಮಿಂಗಿಲಗಳು ಹೊರಡುವ ಮೊದಲು ನೀವೇ ತನ್ನಿ. ದಡಕ್ಕೆ ತಿಯಾನಾಳನ್ನೂ ಕರೆತರುತ್ತೇನೆ. ನಿಮ್ಮನ್ನು ಕಂಡು ಅವಳು ಬೆರಳು ನೆಟ್ಟಗೆ ಚಾಚಿದರೆ ಗದರಬೇಡಿ, ನಾನೇ ಹೇಳಿಕೊಟ್ಟಿರುತ್ತೇನೆ.

ನಿಮ್ಮ
ಸೊವಾಜಾರಾ