ಸೋಲಲು ಬಾರದ ಹುಡುಗಿ

ಮೈಲಾಪೂರ್, ಮದ್ರಾಸ್-೪
೧೨ ಜೂನ್ ೧೯೮೬, ಗುರುವಾರ

ಚಿರಂಜೀವಿ ವಿಷ್ಣುವಿಗೆ ಅಮ್ಮನ ತುಂಬು ಮನಸ್ಸಿನ ಆಶೀರ್ವಾದ.

ಆರೋಗ್ಯ ಹೇಗಿದೆ? ಪಾಲ್ಘಾಟಿನಲ್ಲಿ ಮಳೆ ಹಿಡಿದಿದೆ ಎಂದು ಪೇಪರಿನಲ್ಲಿ ನೋಡಿದೆ. ಒದ್ದೆ ತಲೆಯಲ್ಲಿ ರೈಲ್ವೆ ಸ್ಟೇಷನ್ನಿಗೆ ಡ್ಯೂಟಿಗೆ ಹೋಗಬೇಡ, ನಿನಗೆ ಚಿಕ್ಕಂದಿನಿಂದಲೂ ನೆಗಡಿ ಬೇಗ ಅಂಟುತ್ತದೆ. ಕ್ಯಾಂಟೀನಿನ ಸಾರು ಸೇರದಿದ್ದರೆ ಬರಿ, ಸಾರಿನ ಪುಡಿ ಮಾಡಿ ಕಳಿಸುತ್ತೇನೆ. ನಾನೂ ನಿನ್ನ ಹೆಂಡತಿ ವಿನೋದಾಳೂ ಚೆನ್ನಾಗಿದ್ದೇವೆ. ಬ್ಯಾಂಕಿನಲ್ಲಿ ಅವಳಿಗೆ ಕೆಲಸ ಜಾಸ್ತಿ, ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ತೂಕಡಿಸುತ್ತಾಳೆ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದೆ, ಅದೇನೂ ಹೊಸ ಸುದ್ದಿಯಲ್ಲ.

ಹೊಸ ಸುದ್ದಿ ನಿನ್ನ ಮಗಳದು. ಅವಳ ಮಂಡಿಯನ್ನು ಕೀಲ್ಪಾಕಿನ ಡಾಕ್ಟರಿಗೆ ಮತ್ತೆ ತೋರಿಸಿದೆವು. ಸುಮ್ಮನೆ ಓಡಬಹುದು, ಪಂದ್ಯಕ್ಕೆ ಓಡುವುದನ್ನು ಇನ್ನು ಮರೆತುಬಿಡಿ ಎಂದು ಹಿಂದಿನ ಮಾತನ್ನೇ ಹೇಳಿದರು. ನಾನೂರು ಮೀಟರ್ ಓಟದಲ್ಲಿ ರಾಜ್ಯಕ್ಕೇ ಮೊದಲು ಬಂದ ಹದಿನೇಳು ವರ್ಷದ ಹುಡುಗಿ, ಆರು ತಿಂಗಳಿಂದ ಷೂಗಳನ್ನು ಮಂಚದ ಕೆಳಗೆ ತಳ್ಳಿ ಗೋಡೆ ನೋಡುತ್ತಾ ಕೂತಿದ್ದಳು. ನನಗೆ ನೋಡಲಾಗಲಿಲ್ಲ. ಟಿವಿ ಸೀರಿಯಲ್ಲಿನವರು ಓಡುವ ಹುಡುಗಿ ಬೇಕೆಂದು ಹುಡುಕಿಕೊಂಡು ಬಂದಾಗ ಹೂಂ ಅಂದವಳು ನಾನೇ. ನೀನೂ ಒಂದು ದಿನ ಓಡಿ ಬರಲಿ ಎಂದು ಬರೆದೆ. ಜೊತೆಗೆ, ಆಕ್ಟಿಂಗ್ ಗೀಕ್ಟಿಂಗ್ ಬೇಡ, ಸಿನಿಮಾ ಮಂದಿಯ ಸಹವಾಸ ಬೇಡ, "ನಮ್ಮ ಮನೆಯಲ್ಲಿ ಯಾರಿಗೂ ನಟನೆ ಬರುವುದಿಲ್ಲ" ಎಂದೂ ಬರೆದೆ. ಆ ಮಾತು ನಿನಗೆ ಜ್ಞಾಪಕವಿರಲಿ.

ಹೋದ ಭಾನುವಾರ ಒಂದು ಶಾಲೆಯ ಮೈದಾನದಲ್ಲಿ ಶೂಟಿಂಗ್ ಆಯಿತು. ಕ್ಯಾರಿಯರಿನಲ್ಲಿ ಮೊಸರನ್ನ, ಚೊಂಬಿನಲ್ಲಿ ನೀರು ಹಿಡಿದುಕೊಂಡು ನಾನು ಕಾವಲಿಗೆ ಹೋದೆ. ಹೊರಗೆ ಒಂದು ಗುಟುಕು ನೀರೂ ಮುಟ್ಟದ ನಿನ್ನಮ್ಮ ದೊಡ್ಡ ಛತ್ರಿಯ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು, ನಗಬೇಡ. ಕಥೆಯಲ್ಲಿ ಹೀರೋಯಿನ್ ಗೆಲ್ಲಬೇಕು, ನಮ್ಮ ಊರ್ಮಿಳಾ ಸ್ವಲ್ಪದರಲ್ಲಿ ಸೋಲಬೇಕು. ಆ ಹೀರೋಯಿನ್ ಒಳ್ಳೆಯ ಹುಡುಗಿಯೇ, ಆದರೆ ಜನ್ಮದಲ್ಲಿ ಬಸ್ಸು ಹಿಡಿಯುವುದಕ್ಕೂ ಓಡಿದವಳಲ್ಲ. ನಮ್ಮವಳಿಗೋ ಸೋಲುವುದಕ್ಕೆ ಬರಲೇ ಇಲ್ಲ. ಗೆರೆ ಹತ್ತಿರವಾದರೆ ಕಾಲು ತಾನಾಗಿಯೇ ಮುಂದೆ ಹೋಗುತ್ತದಂತೆ. ನಾಲ್ಕು ಸಲ ಗೆದ್ದಳು. ಐದನೆಯ ಸಲ ಬೇಕೆಂದೇ ನಿಧಾನ ಮಾಡಿದಳು, ಬೇಕೆಂದೇ ಮಾಡಿದ್ದು ಎಂದು ನನ್ನ ಹಳೆಯ ಕನ್ನಡಕಕ್ಕೂ ಕಾಣಿಸಿತು. ಡೈರೆಕ್ಟರ್ ಹಣೆ ಒರೆಸಿಕೊಂಡು "ತೋಕ್ಕಣುಂಮಾ, ಆನಾ ನಿಜಮಾ ತೋಕ್ಕಣುಂ" ಎಂದರು. ಸೋಲಬೇಕು, ಆದರೆ ನಿಜವಾಗಿ ಸೋಲಬೇಕು. ಬಿಸಿಲು ಇಳಿಯುವುದರೊಳಗೆ ಆಗದಿದ್ದರೆ ಬೇರೆ ಹುಡುಗಿಯನ್ನು ಕರೆಸುತ್ತಾರಂತೆ. ಊರ್ಮಿಳಾ ನನ್ನ ಹತ್ತಿರ ಬಂದು ನೆಲ ನೋಡುತ್ತಾ ನಿಂತಳು. ಮನೆಯಲ್ಲಿ ಗೋಡೆ ನೋಡುತ್ತಿದ್ದ ಅದೇ ಮುಖ.

ಆಗ ನನಗೆ ನಿನ್ನ ನೆನಪಾಯಿತು. ಅವಳು ಆರು ವರ್ಷದವಳಿದ್ದಾಗ ಸಾಯಂಕಾಲ ಮರೀನಾ ಬೀಚಿನಲ್ಲಿ ನೀವಿಬ್ಬರೂ ಪಂದ್ಯ ಓಡುತ್ತಿದ್ದಿರಿ. ಪ್ರತಿ ಸಲವೂ ಸೋಲುವವನು ನೀನು. ಹಲ್ಲು ಕಚ್ಚಿ ಓಡಿ, ಕೊನೆಗೆ ಎರಡು ಹೆಜ್ಜೆ ಹಿಂದೆ ಉಳಿದು, ಸೊಂಟದ ಮೇಲೆ ಕೈಯಿಟ್ಟು ನಿಂತು, ತಪ್ಪೆಲ್ಲ ಚಪ್ಪಲಿಯದೇ ಎಂಬಂತೆ ಅದನ್ನು ದುರುಗುಟ್ಟಿ ನೋಡುತ್ತಿದ್ದೆ. ಸುಂಡಲ್ ಉಸಲಿ ಮಾರುವವನು ಕೂಡ ನಂಬಿ ನಿನ್ನನ್ನು ಸಮಾಧಾನ ಮಾಡಿದ್ದ. ನಾನು ಅವಳ ಕಿವಿಯಲ್ಲಿ, "ನಿಮ್ಮಪ್ಪ ಬೀಚಲ್ಲಿ ಹೇಗೆ ಸೋಲ್ತಿದ್ದ, ಹಾಗೆ ಸೋಲು ಪುಟ್ಟಿ" ಎಂದೆ. ಅವಳು ಒಂದು ಸಲ ನನ್ನ ಮುಖ ನೋಡಿ, ಹೋಗಿ ಗೆರೆಯ ಮೇಲೆ ನಿಂತಳು.

ಆ ಸಲ ಹಲ್ಲು ಕಚ್ಚಿ ಓಡಿದಳು, ಎರಡು ಹೆಜ್ಜೆ ಹಿಂದೆ ಉಳಿದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು ತನ್ನ ಷೂಗಳನ್ನು ಒಂದು ನೋಟ ನೋಡಿದಳು. ನೀನೇ ಬಂದು ನಿಂತ ಹಾಗಾಯಿತು ವಿಷ್ಣು. ಕ್ಯಾಮೆರಾದವರು, ಟೀ ಕೊಡುವವರು ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತು ಮನೆಗೆ ಬಂದು ಎರಡು ಸಲ ಅನ್ನ ಬಡಿಸಿಕೊಂಡು ಉಂಡಳು. ಷೂಗಳನ್ನು ಮತ್ತೆ ಮಂಚದ ಕೆಳಗೆ ತಳ್ಳಲಿಲ್ಲ, ತೊಳೆದು ಬಿಸಿಲಿಗಿಟ್ಟಿದ್ದಾಳೆ.

ಮಂಗಳವಾರ ಡೈರೆಕ್ಟರ್ ಮನೆಗೇ ಬಂದಿದ್ದರು. ಸೋತ ಹುಡುಗಿಯ ಪಾತ್ರವನ್ನು ಹದಿಮೂರು ಕಂತಿಗೂ ಬೆಳೆಸುತ್ತಾರಂತೆ, ಮಾತೂ ಇರುತ್ತದಂತೆ. ತಮಿಳಿನ ಚಿಂತೆ ಇಲ್ಲ, ನಾನು ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಎದುರು ಹೇಳುವವಳು ಅವಳು. ಆದರೆ ನಿನ್ನನ್ನು ಕೇಳದೆ ಒಪ್ಪುವುದಿಲ್ಲ, "ಅಪ್ಪ ಬೇಡ ಅಂದ್ರೆ ಬೇಡ ಅಜ್ಜಿ" ಎಂದು ಕೂತಿದ್ದಾಳೆ. ಬೇಡ ಎಂದರೆ ಮತ್ತೆ ಆ ಗೋಡೆಯೇ ಗತಿ, ನನಗೆ ಅದೇ ಭಯ.

ಹೊತ್ತಿಗೆ ಸರಿಯಾಗಿ ಊಟ ಮಾಡು. ರಾಯರು ನಿನ್ನ ಬೆನ್ನ ಹಿಂದೆ ಇರಲಿ.

ನಿನ್ನ ಅಮ್ಮ,
ರಮಾಬಾಯಿ

ತಾ.ಕ.: ಟಪ್ಪಾಲಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಒಪ್ಪಿಗೆ ಕಾಗದ ಇದರೊಳಗೇ ಇದೆ, ತಂದೆಯ ಸಹಿ ಎಂದಿರುವ ಕಡೆ ನಿನ್ನ ಸಹಿ ಬೇಕು, ಮುಂದಿನ ವಾರದ ಶುಕ್ರವಾರದೊಳಗೆ. ಸಹಿ ಹಾಕುವ ಮುಂಚೆ ಇದೊಂದು ತಿಳಿದುಕೋ. ಶೂಟಿಂಗ್ ಮುಗಿಸಿ ಬರುವಾಗ ಬಸ್ಸಿನಲ್ಲಿ ಊರ್ಮಿಳಾಳನ್ನು, "ಅಪ್ಪ ಬೇಕೂಂತಲೇ ಸೋಲ್ತಿದ್ದ ಅಂತ ನಿನಗೆ ಯಾವಾಗ ಗೊತ್ತಾಯ್ತು" ಎಂದು ಕೇಳಿದೆ. "ಆಗ್ಲೇ ಗೊತ್ತಿತ್ತು ಅಜ್ಜಿ. ನಾನು ಗೆದ್ದೆ ಅಂತ ಕುಣಿದ್ರೆ ಅಪ್ಪಂಗೆ ಎಷ್ಟು ಖುಷಿ ಆಗ್ತಿತ್ತು, ಅದಕ್ಕೇ ಗೊತ್ತಿಲ್ದೋಳ ಹಾಗೆ ಕುಣೀತಿದ್ದೆ" ಎಂದಳು. ಆರು ವರ್ಷದವಳು ಕಣೋ. ಈಗ ಹೇಳು, ನಮ್ಮ ಮನೆಯಲ್ಲಿ ಯಾರಿಗೆ ನಟನೆ ಬರುವುದಿಲ್ಲ?