ಬಾಗಿಲಲ್ಲಿ ಒಬ್ಬರು

ಮಂಗಳವಾರ, ಮಧ್ಯಾಹ್ನ
ಆಸ್ಪತ್ರೆಯ ಬೆಂಚಿನಿಂದ

ಗುಂಡನಿಗೆ,

ಪ್ರೀತಿಯ ಎಂದು ಬರೆದು ಹೊಡೆದುಹಾಕಿದ್ದೇನೆ. ಫೋನಿನಲ್ಲಿ ಬೈದರೆ ನೀನು ಮಧ್ಯದಲ್ಲೇ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದವನ್ನು ನಿಮ್ಮ ಊರಿಗೆ ಹೊರಡುವ ಲಾರಿಯ ಡ್ರೈವರ್ ಕೈಯಲ್ಲಿ ಕೊಡುತ್ತಿದ್ದೇನೆ. ಓದಿ ಮುಗಿಸುವವರೆಗೆ ಅವನು ಕದಲುವುದಿಲ್ಲ.

ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆಗಳ ಸಾಲು ಜಾರಿ ತಲೆಗೆ ಬೀಳುವ ಮೊದಲು, ಬಾಗಿಲಲ್ಲಿದ್ದ ಅಪ್ಪ ಓಡಬಹುದಿತ್ತು. ಓಡಲಿಲ್ಲ, ಒಳಗೆ ಇನ್ನೊಬ್ಬ ಕೆಲಸದಲ್ಲಿದ್ದ. ಒಬ್ಬ ಒಳಗೆ ಹೋದರೆ ಅವನು ಬರುವವರೆಗೆ ಇನ್ನೊಬ್ಬ ಬಾಗಿಲಲ್ಲಿ ನಿಂತಿರಬೇಕು. ಅಕ್ಷರ ಕಲಿಯುವ ಮೊದಲೇ ನಾವು ಅಪ್ಪನಿಂದ ಕಲಿತ ನಿಯಮ ಇದು. ಕಣ್ಣಾಮುಚ್ಚಾಲೆಯಲ್ಲಿ ನೀನು ಬೀರುವಿನೊಳಗೆ ಅಡಗಿದರೂ ನಾನು ಹೊರಗೆ ಕಾಯುತ್ತಿದ್ದೆ. ಹಾಗಾಗಿ ನೀನು ಒಮ್ಮೆಯೂ ಗೆಲ್ಲಲಿಲ್ಲ.

ಈಗ ಅಪ್ಪನನ್ನೇ ತಣ್ಣಗಿಟ್ಟಿದ್ದಾರೆ. ಮೆದುಳಿನ ಊತ ಇಳಿಯಲೆಂದು ತಣ್ಣೀರು ಹರಿಯುವ ಹೊದಿಕೆ ಸುತ್ತಿದ್ದಾರೆ. ಡಾಕ್ಟರಮ್ಮ ಅದಕ್ಕೆ ಒಪ್ಪಿಗೆ ಕೇಳಿದಾಗ ನಾನು ನಿನಗೇ ಫೋನ್ ಮಾಡಿದೆ. ಇದನ್ನೇ ಓದಿ ಓದಿ ತಲೆಗೂದಲು ಉದುರಿಸಿಕೊಂಡವನು ನೀನು ತಾನೇ? ಮೆದುಳು ತನ್ನ ಕಸವನ್ನು ತಾನೇ ತೊಳೆದುಕೊಳ್ಳುತ್ತದೆ, ಪೆಟ್ಟು ಬಿದ್ದರೆ ಆ ಚರಂಡಿ ಕಟ್ಟುತ್ತದೆ ಎಂದು ನೀನು ಹೇಳಿದೆ. ಮೈ ತಣ್ಣಗಾದರೆ ಅದು ಬಿಟ್ಟುಕೊಳ್ಳುತ್ತದೋ ಇನ್ನೂ ನಿಧಾನವಾಗುತ್ತದೋ, ನಿನ್ನ ಪ್ರಯೋಗದ ಇಲಿಗಳು ಒಂದೊಂದು ಸಲ ಒಂದೊಂದು ಹೇಳುತ್ತವಂತೆ. ಇಷ್ಟೆಲ್ಲ ಪಾಠ ಮಾಡಿ ಕೊನೆಗೆ, ನೀನೇ ನೋಡ್ಕೋ ಅಕ್ಕ ಅಂದುಬಿಟ್ಟೆ.

ಗೊತ್ತಿಲ್ಲ ಎಂದಿದ್ದಕ್ಕೆ ನನಗೆ ಸಿಟ್ಟಿಲ್ಲ. ಡಾಕ್ಟರಮ್ಮನೂ ಖಚಿತವಾಗಿ ಹೇಳಲಾಗದು ಎಂದರು, ಆದರೆ ನನ್ನ ಪಕ್ಕ ಕೂತು ಹೇಳಿದರು. ನೀನು ಬರದಿರುವ ಕಾರಣ ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಲ್ಯಾಬಿನ ಇಲಿಗಳ ಮೈಕಾವು ನೋಡಲು ಬೇರೆ ಯಾರೂ ಇಲ್ಲವಂತೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರೆ. ನೀನು ಊರಿಗೂ ಅಲ್ಲ, ಇಲಿಗೆ ಉಪಕಾರಿ.

ನಾನೊಬ್ಬಳೇ ಹೂಂ ಎಂದೆ. ಅಪ್ಪ ಕೆಲಸ ಮುಗಿಸಿ ಬಂದಾಗ ಇರುತ್ತಿದ್ದಷ್ಟೇ ತಣ್ಣಗಿದೆ ಅವರ ಕೈ. ಆಗ ನೀನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಕಿರುಚುತ್ತಿದ್ದೆ. ಈಗ ಉಜ್ಜಿ ಬೆಚ್ಚಗೆ ಮಾಡುವಂತಿಲ್ಲ, ನರ್ಸ್ ಎರಡು ಸಲ ಗದರಿದ್ದಾರೆ. ಮಾಡಿದ್ದು ಸರಿಯೋ ತಪ್ಪೋ ತಿಳಿಯದೆ ಹೆದರಿಕೆಯಾಗುತ್ತಿದೆ, ಗುಂಡ. ನಿನ್ನ ಉತ್ತರ ನನಗೆ ಬೇಕಿರಲಿಲ್ಲ. ನೀನು ಬೇಕಿತ್ತು.

ಸಿಟ್ಟು ಇಳಿಯದ,
ಅಕ್ಕ

ತಾ.ಕ., ಶುಕ್ರವಾರ: ಲಾರಿ ಕೆಟ್ಟು ಕಾಗದ ಇಲ್ಲೇ ಉಳಿಯಿತು. ಅಷ್ಟರಲ್ಲಿ ಅಪ್ಪನ ಮೈಕಾವು ಮೆಲ್ಲಗೆ ಏರಿಸಿ, ಗಂಟಲಿನ ಕೊಳವೆ ತೆಗೆದರು. ಇವತ್ತು ಕಣ್ಣು ಬಿಟ್ಟರು. ನನ್ನ ಗುರುತು ಸಿಕ್ಕಿತೋ ಇಲ್ಲವೋ, ಬಾಗಿಲಲ್ಲಿ ಯಾರಿದ್ದಾರೆ ಎಂದು ಕೇಳಿದರು. ಗುಂಡ ಇದ್ದಾನೆ ಎಂದೆ. ಹಾಗಾದ್ರೆ ಸರಿ ಎಂದು ಮತ್ತೆ ಕಣ್ಣು ಮುಚ್ಚಿದರು. ಲಾರಿ ಈಗ ರಿಪೇರಿಯಾಗಿ ಹೊರಟಿದೆ, ನಾಳೆಯೇ ನಿಮ್ಮ ಊರಿಂದ ವಾಪಸ್ ಹೊರಡುತ್ತದೆ, ಡ್ರೈವರ್ ಪಕ್ಕದ ಸೀಟು ಖಾಲಿ ಇದೆ. ಅಪ್ಪ ಎದ್ದು ಬಾಗಿಲ ಕಡೆ ನೋಡುವುದರೊಳಗೆ ಬಾ.